ಬ್ರಹ್ಮನ ಹಗಲನ್ನು ಭಾಗಿಸಿದರೆ

ಸಂಕಲ್ಪದಲ್ಲಿ ನಾವು ನೆನೆಯುವ ಕಲ್ಪವೆಂದರೆ ಬ್ರಹ್ಮನ ಒಂದು ಹಗಲು. ನಮ್ಮ ಲೆಕ್ಕದಲ್ಲಿ 432 ಕೋಟಿ ವರ್ಷ. ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷ ಎಂದು ವಿಜ್ಞಾನ ಹೇಳಿದ ಮೇಲಂತೂ ಈ ಸಂಖ್ಯೆಗೆ ಹೊಸ ಮೆರುಗು ಬಂದಿದೆ. ದೈವವೇ ತಿಳಿಸದಿದ್ದರೆ ಋಷಿಗಳಿಗೆ ಇದು ಹೇಗೆ ಹೊಳೆಯಿತು ಎಂದು ಕೇಳುವವರಿದ್ದಾರೆ. ಅದೇ ಸಂಕಲ್ಪವನ್ನು ಪೂರ್ತಿ ಕೇಳಿಸಿಕೊಂಡರೆ ಈ ವಾದ ನಿಲ್ಲದು. ನಾವಿರುವುದು ಏಳನೆಯದಾದ ವೈವಸ್ವತ ಮನ್ವಂತರದ 28ನೇ ಕಲಿಯುಗದಲ್ಲಿ. ಸೂರ್ಯಸಿದ್ಧಾಂತದ ಕ್ರಮದಲ್ಲಿ ಕೂಡಿದರೆ ಈ ಹಗಲಿನಲ್ಲಿ ಕಳೆದಿರುವುದು ಸುಮಾರು 197 ಕೋಟಿ ವರ್ಷ. ಹೋಲಿಸಲೇಬೇಕೆಂದರೆ ಹೋಲಿಸಬೇಕಾದದ್ದು ಇದನ್ನು.

ಈ ಸಂಖ್ಯೆ ಎಲ್ಲಿಂದ ಬಂತೆಂಬುದಕ್ಕೆ ಸಾಕ್ಷಿ ಅದರೊಳಗೇ ಇದೆ. 432 ಕೋಟಿಯನ್ನು ಒಡೆದರೆ ಸಿಗುವ ಅವಿಭಾಜ್ಯ ಸಂಖ್ಯೆಗಳು ಮೂರೇ: 2 ಹನ್ನೊಂದು ಸಲ, 3 ಮೂರು ಸಲ, 5 ಏಳು ಸಲ. ಶೇಷವಿಲ್ಲದೆ ಇದನ್ನು ಭಾಗಿಸುವ ಸಂಖ್ಯೆಗಳು 384. ಹನ್ನೆರಡು ರಾಶಿ, ಅರವತ್ತು ಘಳಿಗೆ, ವೃತ್ತದ 360 ಭಾಗ, ಯಾವುದರಿಂದ ಭಾಗಿಸಿದರೂ ಏನೂ ಉಳಿಯುವುದಿಲ್ಲ. ಹತ್ತು ಮತ್ತು ಅರವತ್ತರಲ್ಲಿ ಎಣಿಸುವವರು ಬೇಕೆಂದೇ ಆರಿಸಿಕೊಂಡ ಸಂಖ್ಯೆ ಇದು. ಬ್ಯಾಬಿಲೋನಿನ ಬೆರೋಸಸ್ ಕೂಡ ಪ್ರಳಯಕ್ಕೆ ಮುಂಚಿನ ಅರಸರಿಗೆ 4,32,000 ವರ್ಷ ಕೊಟ್ಟಿದ್ದಾನೆ. ಇದರ ಎದುರಿಗೆ ಆರ್ಯಭಟನ ಶನಿಯನ್ನಿಟ್ಟು ನೋಡಿ. 43,20,000 ವರ್ಷಗಳ ಮಹಾಯುಗದಲ್ಲಿ ಶನಿಗೆ 1,46,564 ಸುತ್ತು, ಅಂದರೆ 4 × 11 × 3331. ಆ 3331 ಒಡೆಯಲಾರದ ಅವಿಭಾಜ್ಯ. ಯಾರೂ ಅಂದಕ್ಕಾಗಿ ಆರಿಸಿಕೊಳ್ಳುವ ಸಂಖ್ಯೆಯಲ್ಲ, ಆಕಾಶ ಹೇರಿದ್ದು. ಆದರೆ 4 ಮಾತ್ರ ಆರ್ಯಭಟನದು. ಯುಗಗಳು ನಾಲ್ಕೂ ಸಮ, ಪ್ರತಿಯೊಂದರ ಮೊದಲಲ್ಲೂ ಗ್ರಹಗಳು ಒಂದೇ ಕಡೆ ಸೇರುತ್ತವೆ ಎಂಬುದು ಅವನ ಸಿದ್ಧಾಂತ. ಹಾಗಾಗಿಯೇ ಗುರುವಿನ 3,64,224 ಸುತ್ತುಗಳನ್ನೂ ಮಂಗಳನ 22,96,824 ಸುತ್ತುಗಳನ್ನೂ ನಾಲ್ಕು ಭಾಗಿಸುತ್ತದೆ. ಅಳತೆಗೋಲು ಮನುಷ್ಯನದು, ಅಳೆಯಲ್ಪಟ್ಟದ್ದು ಅಲ್ಲ.

ದೇವರೂ ಸರಾಗವಾಗಿ ಭಾಗವಾಗುವ ಸಂಖ್ಯೆಯನ್ನೇ ಮೆಚ್ಚಿರಬಾರದೇಕೆ ಎನ್ನಬಹುದು. ಇರಬಹುದು, ಆದರೆ ಸಂಖ್ಯೆಯ ಕೊನೆಯ ಏಳು ಸೊನ್ನೆಗಳು ಹತ್ತರ ಎಣಿಕೆಯಲ್ಲಷ್ಟೇ ಕಾಣುತ್ತವೆ, ಹತ್ತು ನಮ್ಮ ಬೆರಳುಗಳ ಲೆಕ್ಕ. ಹಾಗಾದರೆ ಶ್ರದ್ಧೆಗೆ ಉಳಿಯುವುದೇನು ಎಂಬ ಆಕ್ಷೇಪ ಇದಕ್ಕಿಂತ ತೂಕದ್ದು. ಸೃಷ್ಟಿ ಒಮ್ಮೆ ನಡೆದು ಮುಗಿಯುವುದಲ್ಲ, ಹಗಲಾಗಿ ರಾತ್ರಿಯಾಗಿ ಮರಳುತ್ತದೆ ಎಂಬ ದರ್ಶನ ಉಳಿಯುತ್ತದೆ. ಅಂಕಿ ಬದಲಾದರೆ ಅದು ಕುಸಿಯುವುದಿಲ್ಲ. ಅಂಕಿ ಬದಲಾಗಿಯೂ ಇದೆ. ಆರ್ಯಭಟನ ಕಲ್ಪಕ್ಕೆ ಮಹಾಯುಗಗಳು ಸಾವಿರವಲ್ಲ, 1008. ಸ್ಮೃತಿ ಮೀರಿದನೆಂದು ಬ್ರಹ್ಮಗುಪ್ತ ಅವನನ್ನು ಖಂಡಿಸಿದ. ಆದರೂ ಬ್ರಹ್ಮನ ಹಗಲನ್ನು 3 ಕೋಟಿ 45 ಲಕ್ಷ 60 ಸಾವಿರ ವರ್ಷ ಉದ್ದ ಮಾಡಿದ ಆ ಆರ್ಯಭಟೀಯ ಶುರುವಾಗುವುದು ಬ್ರಹ್ಮನಿಗೆ ಮಾಡಿದ ನಮಸ್ಕಾರದಿಂದಲೇ.