ಮುಂದೆ ಬಿಚ್ಚುವವರಿಗೆ

ವಾಚಿನ ಹಿಂಬದಿಯ ಮುಚ್ಚಳ ತೆಗೆದ ಕೂಡಲೇ ನಮ್ಮ ಮೇಷ್ಟ್ರು ಮೊದಲು ಸ್ಕ್ರೂಗಳ ತಲೆ ನೋಡ್ತಾರೆ. ಚಕ್ರಗಳ ಸರದಿ ಆಮೇಲೆ. ಸ್ಕ್ರೂವಿನ ಸೀಳಿಗೆ ಸರಿಯಾಗಿ ಕೂರದ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದರೆ ಅಂಚು ಕಿತ್ತು ಬರುತ್ತದೆ, ಕೈ ಜಾರಿದರೆ ಪಕ್ಕದ ಲೋಹದ ಮೇಲೆ ಗೀರು ಬೀಳುತ್ತದೆ. ಆ ಗೀರಿನಿಂದ ವಾಚು ನಡೆಯೋದಕ್ಕೆ ತೊಂದರೆಯೇನಿಲ್ಲ. ವಾಚು ಕಟ್ಟಿಕೊಳ್ಳುವವರಿಗೆ ಅದು ಜನ್ಮದಲ್ಲಿ ಕಾಣೋದೂ ಇಲ್ಲ. ಆದರೂ ಮೇಷ್ಟ್ರು ಕಣ್ಣಿಗೆ ಲೂಪ್ ಸಿಕ್ಕಿಸಿಕೊಂಡು ಒಂದು ನಿಮಿಷ ದಿಟ್ಟಿಸಿ, "ಯಾರೋ ಅವಸರದಲ್ಲಿದ್ರು, ಪಾಪ" ಅಂತಾರೆ.

ನಾನು ವಾಚ್ ರಿಪೇರಿ ಕಲೀತಿದೀನಿ ಅಂದ್ರೆ ಆಫೀಸಿನಲ್ಲಿ ಎಲ್ಲರೂ ಕೇಳೋ ಪ್ರಶ್ನೆ ಒಂದೇ: ಟೈಮ್ ನೋಡೋಕೆ ಮೊಬೈಲ್ ಇದೆಯಲ್ಲ, ಯಾಕೆ? ಇಷ್ಟ, ಅಷ್ಟೇ. ಈ ಪ್ರಶ್ನೆಯಲ್ಲಿ ನನಗೆ ಅಂಥ ಸ್ವಾರಸ್ಯ ಕಾಣಲ್ಲ. ಆ ಗೀರು ಹುಟ್ಟಿಸೋ ಪ್ರಶ್ನೆ ಮಾತ್ರ ಎಂಟು ತಿಂಗಳಿಂದ ಬಿಟ್ಟಿಲ್ಲ. ಯಾರೂ ನೋಡದ ಜಾಗದಲ್ಲಿ ಕೆಲಸವನ್ನು ಚೆನ್ನಾಗಿ ಮಾಡಬೇಕು ಅಂತಾದರೆ, ಯಾರಿಗೋಸ್ಕರ?

ಶಾಲೆ ಅಂದರೆ ಜಾಲಹಳ್ಳಿ ಕಡೆ, ಮೇಷ್ಟ್ರ ಮನೆ ಮಹಡಿ ಮೇಲಿನ ಒಂದು ರೂಮು. ನಾಲ್ಕು ಮೇಜು, ನಾಲ್ಕು ಟೇಬಲ್ ಲ್ಯಾಂಪು, ಬಿಡಿಭಾಗ ತುಂಬಿದ ಬಿಸ್ಕತ್ತಿನ ಡಬ್ಬಗಳು. ವಿದ್ಯಾರ್ಥಿಗಳೂ ನಾಲ್ಕೇ: ಇಬ್ಬರು ಸಾಫ್ಟ್‌ವೇರಿನವರು, ಒಬ್ಬರು ಹಲ್ಲಿನ ಡಾಕ್ಟರು (ನಮ್ಮೆಲ್ಲರಿಗಿಂತ ಕೈ ಅಲುಗದವರು), ಇನ್ನೊಬ್ಬ ತಿಪಟೂರಿನ ಹುಡುಗ. ಅವನ ಅಪ್ಪನದು ವಾಚ್ ರಿಪೇರಿ ಅಂಗಡಿ. 1961ರಲ್ಲಿ ಎಚ್‌ಎಂಟಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ವಾಚು ತಯಾರಿಸಲು ಶುರುಮಾಡಿತಲ್ಲ, ಆ ಕಾರ್ಖಾನೆಯ ಕಾಲದ ಕೈಗಳಿಂದ ಕಲಿತವರು ನಮ್ಮ ಮೇಷ್ಟ್ರು.

ನಾವು ಕಲಿಯೋದು ಹಳೇ ಜನತಾ ವಾಚುಗಳ ಮೇಲೆ. ಕೀ ಕೊಡುವ ವಾಚು, 17 ಜ್ಯೂಯೆಲ್. ಅದರ ಬ್ಯಾಲೆನ್ಸ್ ಗಂಟೆಗೆ 18,000 ಸಲ ಬಡಿಯುತ್ತದೆ, ಅಂದರೆ ದಿನಕ್ಕೆ 4,32,000. ಕಲಿಯುಗದ ವರ್ಷಗಳ ಲೆಕ್ಕವೂ ಇಷ್ಟೇ. ಬರೀ ಕಾಕತಾಳೀಯ, ದಯವಿಟ್ಟು ವಾಟ್ಸಾಪಿನಲ್ಲಿ ಫಾರ್ವರ್ಡ್ ಮಾಡಬೇಡಿ. ಬಿಚ್ಚುವ ಮುನ್ನ ಸ್ಪ್ರಿಂಗಿನಲ್ಲಿ ಉಳಿದ ಬಿಗಿಯನ್ನು ನಿಧಾನವಾಗಿ ಇಳಿಸಬೇಕು, ಇಲ್ಲದಿದ್ದರೆ ಒಳಗಿನ ಚಕ್ರಗಳು ಒಮ್ಮೆಲೇ ಗಿರ್ರನೆ ತಿರುಗಿ ಹಲ್ಲು ಮುರಿದುಕೊಳ್ಳುತ್ತವೆ. ಆಮೇಲೆ ಬ್ಯಾಲೆನ್ಸ್, ಪ್ಯಾಲೆಟ್, ಚಕ್ರಗಳು. ತೊಳೆದು, ಒಣಗಿಸಿ, ಸೂಜಿ ತುದಿಯಷ್ಟು ಎಣ್ಣೆ. ಪ್ಯಾಲೆಟ್ ತಿರುಗುವ ತುದಿಗಳಿಗೆ ಅದೂ ಬೇಡ.

ಈ ಪ್ಯಾಲೆಟ್ ಅನ್ನೋದು ಪುಟ್ಟ ಲಂಗರಿನಂಥ ತುಂಡು. ಅದರ ಎರಡು ತುದಿಯಲ್ಲಿ ಎರಡು ಕೆಂಪು ಕಲ್ಲು. ಟಿಕ್ ಟಿಕ್ ಸದ್ದಿನ ಬಹುಪಾಲು ಆ ಕಲ್ಲಿಗೆ ಚಕ್ರದ ಹಲ್ಲು ಬಡಿಯೋ ಸದ್ದು. ಕಲ್ಲುಗಳನ್ನು ಅಂಟಿಸಿರೋದು ಯಾವುದರಿಂದ ಗೊತ್ತಾ? ಅರಗಿನಿಂದ. ಕೌರವರು ಮನೆ ಕಟ್ಟಿಸಿದ ಅದೇ ಅರಗು. ಸ್ವಿಟ್ಜರ್ಲೆಂಡಿನ ದುಬಾರಿ ವಾಚುಗಳಲ್ಲೂ ಅದೇ ರೂಢಿ. ಅದಕ್ಕಿಂತ ಗಟ್ಟಿ ಅಂಟು ಈಗ ಪೆಟ್ಟಿಗೆ ಅಂಗಡಿಯಲ್ಲೇ ಸಿಗುತ್ತೆ. ಆದರೆ ಅರಗಿಗೆ ಬಿಸಿ ಮುಟ್ಟಿಸಿದರೆ ಮೆತ್ತಗಾಗಿ ಬಿಡುತ್ತದೆ. ನಾಳೆ ಕಲ್ಲನ್ನು ಕೂದಲೆಳೆಯಷ್ಟು ಆಚೀಚೆ ಸರಿಸಬೇಕಾದವರಿಗೆ ಸರಿಸೋಕಾಗುತ್ತೆ. ಸೂಪರ್ ಗ್ಲೂ ಹಾಕಿದರೆ ಮುಂದಿನವರ ಪಾಡು ಫಜೀತಿ. ನಾನು ಲೂಪಿನಲ್ಲಿ ಅಂಥ ಒಂದು ಬಿಳಿಚಿದ ಅಂಟಿನ ಉಂಡೆ ನೋಡಿದೀನಿ. ವಾಚು ಆಗ ಓಡಿರಬೇಕು, ದುಡ್ಡು ಕೊಟ್ಟವರು ಖುಷಿಯಾಗಿ ಹೋಗಿರಬೇಕು.

ಅಲ್ಲೇ ನನಗೆ ತೊಡಕು ಕಾಣೋದು. ದುಡ್ಡು ಕೊಡೋರಿಗೆ ಒಳಗಿನದು ಕಾಣಲ್ಲ. ಕಾಣೋದು ಮುಂದೆ ಬಿಚ್ಚುವವರಿಗೆ, ಅವರು ನಮಗೆ ಒಂದು ಪೈಸೆ ಕೊಡಲ್ಲ, ಬಹುಶಃ ಇನ್ನೂ ಹುಟ್ಟೇ ಇಲ್ಲ. ಆದರೂ ಹಳೇ ರಿಪೇರಿಯವರು ಅವರ ಜೊತೆ ಮಾತಾಡ್ತಿದ್ದರು. ಎಷ್ಟೋ ಮುಚ್ಚಳಗಳ ಒಳಮೈಯಲ್ಲಿ ಸೂಜಿಯಿಂದ ಕೊರೆದ ತಾರೀಖು, ಒಂದೆರಡು ಅಕ್ಷರ ಇರುತ್ತವೆ: ಇಂಥ ದಿನ ತೊಳೆದಿದೆ, ತೊಳೆದವನು ನಾನು. ಹೀಗೆ ಕೊರೆಯೋದೇ ವಾಚಿಗೆ ಮಾಡುವ ಗಾಯ ಅನ್ನುವವರಿದ್ದಾರೆ. ನಮ್ಮ ಮೇಷ್ಟ್ರೂ ಪುಸ್ತಕದಲ್ಲಿ ಬರೆದಿಡಿ ಅಂತಾರೆ. ಪುಸ್ತಕ ವಾಚಿನ ಜೊತೆ ಹೋಗೋದಿಲ್ವಲ್ಲ ಸಾರ್ ಅಂದ್ರೆ ನಗ್ತಾರೆ.

ಮೇಷ್ಟ್ರ ಎಲ್ಲ ನಿಯಮವನ್ನೂ ನಾನು ಒಪ್ಪಲ್ಲ. ಒಮ್ಮೆ ಒಬ್ಬರು ತಮ್ಮ ಮಾವನವರ ವಾಚು ತಂದು, ಮದುವೆ ಇದೆ, ಫಳಫಳ ಹೊಳೀಬೇಕು ಅಂದರು. ಮೇಷ್ಟ್ರು ಪಾಲಿಶ್ ಮಾಡಲ್ಲ ಅಂದುಬಿಟ್ಟರು. ಪಾಲಿಶ್ ಅಂದರೆ ಲೋಹ ಸವೆಸೋದು, ಸವೆದದ್ದು ವಾಪಸ್ ಬರಲ್ಲ, ಲೇಪದ ಕೇಸಾದರೆ ಕೆಳಗಿನ ಹಿತ್ತಾಳೆಯೇ ಹೊರಬರುತ್ತೆ. ಡಾಕ್ಟರಿಗೆ ತಡೀಲಿಲ್ಲ. "ಅವರ ವಾಚು, ಅವರಿಷ್ಟ ಅಲ್ವಾ ಸಾರ್? ನಾನು ಪೇಷಂಟಿಗೆ ಹಲ್ಲು ಬೆಳ್ಳಗೆ ಮಾಡಲ್ಲ ಅನ್ನೋಕಾಗುತ್ತಾ?" ನಾನು ಡಾಕ್ಟರ ಕಡೆ. ಕಟ್ಟಿಕೊಂಡು ತಿರುಗುವ ವಾಚು ಮ್ಯೂಸಿಯಮ್ಮಿನ ವಸ್ತುವಲ್ಲ. ಆಗುವ ನಷ್ಟ ತಿಳಿಸಿ ಹೇಳಿದ ಮೇಲೂ ಬೇಕು ಅಂದರೆ ಮಾಡಿಕೊಡಬೇಕು. ಹಳೇ ಡಯಲ್ ಅಳಿಸಿ, ಕಾರ್ಖಾನೆ ಎಂದೂ ಮಾಡದ ಬಣ್ಣ ಬಳಿದು, ಅಸಲಿ ಎಚ್‌ಎಂಟಿ ಅಂತ ಆನ್‌ಲೈನಿನಲ್ಲಿ ಮಾರ್ತಾರಲ್ಲ, ಆ ವ್ಯಾಪಾರ ಬೇರೆ. ಅಲ್ಲಿ ಮೋಸ ಹೋಗೋರಿಗೆ ಯಾರೂ ಏನೂ ಹೇಳಿಲ್ಲ. ಪ್ಯಾಲೆಟ್ಟಿನ ಸೂಪರ್ ಗ್ಲೂ ಕೂಡ ಇದೇ ಸಾಲಿಗೆ ಸೇರುತ್ತೆ. ಯಾವ ಗಿರಾಕಿಯೂ ಅದನ್ನು ಕೇಳಿರಲ್ಲ. ಅದು ರಿಪೇರಿಯವನ ಅನುಕೂಲ, ಗಿರಾಕಿಯ ಹೆಸರಲ್ಲಿ.

ಇದನ್ನೆಲ್ಲ ನಾನು ಒಂದು ಭಾನುವಾರ ಜೋರಾಗಿಯೇ ಹೇಳ್ತಿದ್ದಾಗ ತಿಪಟೂರಿನ ಹುಡುಗ ತಲೆಯೆತ್ತದೆ ಅಂದ: "ಅಪ್ಪ ದಿನಕ್ಕೆ ಹತ್ತು ವಾಚು ನೋಡ್ಬೇಕು ಅಣ್ಣ. ಒಂದಕ್ಕೆ ಇನ್ನೂರು ಸಿಕ್ಕರೆ ಹೆಚ್ಚು. ಹಿಂಗೆ ಮೂರು ಗಂಟೆ ಕೂತ್ರೆ ಮನೆ ನಡೆಯಲ್ಲ."

ಸರಿಯಾದ ಮಾತು. ಸೋಮವಾರದ ಸಂಬಳ ಗ್ಯಾರಂಟಿ ಇರೋರಿಗೆ ಭಾನುವಾರದ ನೀತಿ ಅಗ್ಗ. ನಮ್ಮ ಕೋಡಿನಲ್ಲೂ ಇಂಥ ಸೂಪರ್ ಗ್ಲೂ ಬೇಕಾದಷ್ಟಿದೆ, ರಾತ್ರಿ ಹನ್ನೊಂದರ ರಿಲೀಸಿಗೆ ಹಾಕಿದ್ದು. ನಾವು ಗಿಟ್‌ನಲ್ಲಿ ಯಾರು ಬರೆದದ್ದು ಅಂತ ನೋಡಿ ಬೈದುಕೊಳ್ತೀವಿ, ಆ ರಾತ್ರಿ ಅವರ ತಲೆ ಮೇಲೆ ಯಾರು ನಿಂತಿದ್ದರು ಅಂತ ಕೇಳಲ್ಲ. ಮೇಷ್ಟ್ರ "ಪಾಪ" ಅನ್ನೋ ಮಾತು ಅವತ್ತು ನನಗೆ ಬೇರೆಯಾಗಿ ಕೇಳಿಸಿತು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯದು. ಮುಂದೆ ಬಿಚ್ಚುವವರೇ ಇಲ್ಲದಿದ್ದರೆ? ಕ್ವಾರ್ಟ್ಜ್ ಬಂತು, ಮೊಬೈಲ್ ಬಂತು, 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚೋದಕ್ಕೆ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. 2020ರಲ್ಲಿ ಯುನೆಸ್ಕೊ ಸ್ವಿಟ್ಜರ್ಲೆಂಡ್ ಮತ್ತು ಫ್ರಾನ್ಸಿನ ಯಾಂತ್ರಿಕ ವಾಚ್ ತಯಾರಿಕೆಯ ಕುಶಲತೆಯನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಸಂತೋಷ. ಅಲ್ಲಿ ಒಂದೊಂದು ವಾಚಿಗೆ ಇಲ್ಲಿಯ ಫ್ಲ್ಯಾಟಿನ ಬೆಲೆ, ಅವುಗಳನ್ನು ಬಿಚ್ಚೋಕೆ ಜನ ಇದ್ದೇ ಇರ್ತಾರೆ. ಜನತಾ ವಾಚಿಗೆ ಯಾರಿದ್ದಾರೆ? 1970ರ ದಶಕದಲ್ಲಿ ತಾರೀಖು ಕೊರೆದವರಿಗೂ ನಾವು ಬರ್ತೀವಿ ಅಂತ ಖಾತ್ರಿ ಇರಲಿಲ್ಲ. ಬರ್ತಾರೆ ಅಂದುಕೊಂಡು ಸ್ಕ್ರೂ ತಲೆ ಕಾಪಾಡಿದರು, ನಾವು ಬಂದೆವು, ಈಗ ಅವರ ಕೆಲಸದ ಮೇಲೆ ಕಲೀತಿದೀವಿ. ಇದನ್ನು ಸಾಲ ಅನ್ನಬಹುದಾ? ಸಾಲವೇ ಆದರೆ ಕೊಟ್ಟವರಿಗೆ ತೀರಿಸೋ ದಾರಿ ಇಲ್ಲ.

ಹುಡುಗನ ಮಾತಿಗೆ ಮೇಷ್ಟ್ರು ಅವತ್ತು ಉಪದೇಶ ಮಾಡಲಿಲ್ಲ. "ಮೂರು ಗಂಟೆ ಬೇಡಪ್ಪ. ಅಪ್ಪನ ಸ್ಕ್ರೂಡ್ರೈವರ್ ತಗೊಂಡು ಬಾ" ಅಂದರು ಅಷ್ಟೇ. ಮುಂದಿನ ವಾರ ಅವನು ತುದಿ ಮೊಂಡಾದ ಮೂರು ಸ್ಕ್ರೂಡ್ರೈವರ್ ತಂದ. ಸೀಳಿಗೆ ಭದ್ರವಾಗಿ ಕೂರುವ ಹಾಗೆ ಎಣ್ಣೆ ಕಲ್ಲಿನ ಮೇಲೆ ಮಸೆಯೋದಕ್ಕೆ ಒಂದೊಂದಕ್ಕೆ ಹತ್ತು ನಿಮಿಷ ಹಿಡಿಯಿತು. ಜೊತೆಗೆ ಕಡ್ಲೆಬೇಳೆಯಷ್ಟು ಅರಗನ್ನೂ ಕಾಗದದಲ್ಲಿ ಸುತ್ತಿ ಕೊಟ್ಟರು, ಅದು ಅವರಪ್ಪನಿಗೆ ವರ್ಷಗಟ್ಟಲೆ ಸಾಕು. ನಡುವೆ ತಿಪಟೂರಿನಿಂದ ಫೋನ್ ಬಂತು. ಸ್ಕ್ರೂಡ್ರೈವರ್ ಇಲ್ಲದೆ ಅಂಗಡಿಯಲ್ಲಿ ಕೆಲಸ ನಿಂತಿದೆ, ಸಂಜೆ ರೈಲಿಗಾದರೂ ತರ್ತೀಯೋ ಇಲ್ಲವೋ ಅಂತ ಅಪ್ಪ ಕೇಳ್ತಿದ್ದರು.