ಅಂಬಿಗನ ಕೂಲಿ ಯಾವ ದಡದಲ್ಲಿ?

‘ಹೊಳೆ ದಾಟಿದ ಮೇಲೆ ಅಂಬಿಗ ಮಿಂಡ’ ಎಂಬ ಗಾದೆಯನ್ನು ನಾವು ಕೃತಘ್ನರನ್ನು ಚುಚ್ಚಲು ಇಟ್ಟುಕೊಂಡಿದ್ದೇವೆ. ಗೆದ್ದ ಮೇಲೆ ಊರ ಕಡೆ ತಲೆ ಹಾಕದ ಶಾಸಕ, ಕೆಲಸ ಸಿಕ್ಕ ಮೇಲೆ ಫೋನ್ ಎತ್ತದ ಗೆಳೆಯ, ಎಲ್ಲರಿಗೂ ಇದೊಂದೇ ಏಟು. ಮಿಂಡ ಎಂದರೆ ಪ್ರಾಯದವನು, ವಿಟ. ಇಲ್ಲಂತೂ ಬರೀ ಬೈಗುಳ. ಸಭ್ಯರ ನಡುವೆ ಆ ಪದವನ್ನು ನುಂಗಿಕೊಳ್ಳುವುದುಂಟು, ನುಂಗಿದರೆ ಗಾದೆ ಸಪ್ಪೆ. ನನ್ನ ಮಟ್ಟಿಗೆ ಗಾದೆಯ ಗುಟ್ಟಿರುವುದೇ ಆ ಬೈಗುಳದಲ್ಲಿ. ಉಪಕಾರವನ್ನು ಮರೆತವನು ಬೈಯುವುದಿಲ್ಲ, ಸುಮ್ಮನೆ ತನ್ನ ದಾರಿ ಹಿಡಿಯುತ್ತಾನೆ. ಬಾಯಿಂದ ಬೈಗುಳ ಹೊರಡಬೇಕಾದರೆ ಎದುರಿಗೆ ಯಾರೋ ಕೈಚಾಚಿ ನಿಂತಿರಬೇಕು. ಅಂಬಿಗ ಅಲ್ಲಿ ನಿಂತಿದ್ದಾನೆ, ಕೂಲಿ ಕೇಳುತ್ತಿದ್ದಾನೆ. ಇದು ಕೃತಜ್ಞತೆಯ ಗಾದೆಯಲ್ಲ, ಬಾಕಿ ಉಳಿದ ಕೂಲಿಯ ಗಾದೆ.

ಕೂಲಿಯ ಜಗಳ ದಡಕ್ಕೆ ಬಂದಮೇಲೆಯೇ ಏಕೆ ಏಳುತ್ತದೆ ಎಂಬುದನ್ನು ಹರಿಗೋಲು ನೋಡಿದರೆ ತಿಳಿಯುತ್ತದೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಆನೆಗೊಂದಿಯ ಹರಿಗೋಲುಗಳನ್ನು ವರ್ಣಿಸಿದ್ದಾನೆ: ಬುಟ್ಟಿಯಂತೆ ದುಂಡಗೆ, ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದಿಪ್ಪತ್ತು ಜನ ಹಿಡಿಯುವಷ್ಟು ಅಗಲ, ನೇರಕ್ಕೆ ಹೋಗಲು ಬಾರದೆ ಗಿರಗಿರನೆ ಸುತ್ತುತ್ತಲೇ ಸಾಗುತ್ತವೆ ಎನ್ನುತ್ತಾನೆ. ಸುತ್ತುವ ಬುಟ್ಟಿಯನ್ನು ಹೊಳೆ ಕೆಳಕ್ಕೆ ಎಳೆದೊಯ್ಯುತ್ತದೆ. ಎದುರು ದಡದಲ್ಲಿ ಜನ ಇಳಿದು ಊರ ದಾರಿ ಹಿಡಿಯುತ್ತಾರೆ. ಅಂಬಿಗನ ಅರ್ಧ ಕೆಲಸ ಶುರುವಾಗುವುದು ಆಗ. ಸಣ್ಣ ಹರಿಗೋಲಾದರೆ ಅದನ್ನು ಬೆನ್ನ ಮೇಲೆ ಕವುಚಿಕೊಂಡು, ಆಮೆಯ ಹಾಗೆ, ದಂಡೆಗುಂಟ ಮೇಲಕ್ಕೆ ನಡೆಯಬೇಕು. ಹಾಗೆ ಮೇಲಕ್ಕೆ ಹೋಗಿ ನೀರಿಗಿಳಿಸಿದರೆ ಮಾತ್ರ ಮುಂದಿನ ಸಲ ಸರಿಯಾದ ಕಡವಿಗೆ ಬಂದು ತಾಗುತ್ತದೆ. ದಾಟಿದವನು ಕಂಡದ್ದು ನೀರ ಮೇಲಿನ ನಾಲ್ಕು ನಿಮಿಷ. ‘ಇಷ್ಟಕ್ಕೆ ಅಷ್ಟು ದುಡ್ಡೇ’ ಎಂಬ ತಕರಾರು ಹುಟ್ಟುವುದು ಅಲ್ಲಿಂದ.

ಈ ತಕರಾರು ಹಳೆಯದು. ಆರ್. ಶಾಮಶಾಸ್ತ್ರಿಗಳು ಮೈಸೂರಿನಲ್ಲಿ ಪತ್ತೆಹಚ್ಚಿ 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಾವಧ್ಯಕ್ಷನಿಗೆಂದೇ, ಅಂದರೆ ದೋಣಿಗಳ ಮೇಲಧಿಕಾರಿಗೆಂದೇ, ಒಂದು ಅಧ್ಯಾಯವಿದೆ. ಹೊಳೆ ದಾಟಲು ಹೊರೆ ಹೊತ್ತವನಿಗೆ ಒಂದು ಮಾಷ ನಾಣ್ಯ, ಹಸು ಕುದುರೆಗೆ ಎರಡು, ಒಂಟೆ ಎಮ್ಮೆಗೆ ನಾಲ್ಕು. ದೊಡ್ಡ ಹೊಳೆಯಾದರೆ ಎಲ್ಲಕ್ಕೂ ಇಮ್ಮಡಿ. ಭಾರ ಹೆಚ್ಚಾಗಿಯೋ, ದುರಸ್ತಿ ಕಾಣದ ದೋಣಿಯಿಂದಲೋ ಸರಕು ಮುಳುಗಿದರೆ ನಾವಧ್ಯಕ್ಷನೇ ತೆರಬೇಕು. ಮನುಸ್ಮೃತಿಯಲ್ಲಿ ಅಂಬಿಗರ ತಪ್ಪಿನಿಂದ ಆದ ನಷ್ಟ ಅಂಬಿಗರ ತಲೆಗೆ, ದೈವದಿಂದ ಆದದ್ದಕ್ಕೆ ದಂಡವಿಲ್ಲ. ಇಷ್ಟೆಲ್ಲ ಬರೆದಿಡಬೇಕಾಯಿತೆಂದರೆ, ಕಡವಿನಲ್ಲಿ ಬರೀ ಒಳ್ಳೆಯತನ ನಂಬಿ ಯಾರೂ ಕೂತಿರಲಿಲ್ಲ.

ಅಂಬಿಗನೇನು ಸಾಧುವೇ ಎಂದು ಕೇಳಬಹುದು. ಅಲ್ಲವೇ ಅಲ್ಲ. ‘ನಡುನೀರಿನಲ್ಲಿ ಕೈಬಿಟ್ಟ’ ಎಂಬ ಮಾತನ್ನು ಕಟ್ಟಿದ್ದೂ ಇದೇ ಕನ್ನಡ. ಹುಟ್ಟು ಹಿಡಿದವನು ಹೊಳೆಯ ಮಧ್ಯೆ ನಿಲ್ಲಿಸಿ ಇನ್ನಷ್ಟು ಕೇಳಿದರೆ ಈಜು ಬಾರದವನು ಏನು ಮಾಡಿಯಾನು? ನಡುನೀರಿನಲ್ಲಿ ಬಲವೆಲ್ಲ ಅಂಬಿಗನದು; ಕಾಲು ಮರಳಿಗೆ ತಾಗಿದ ಗಳಿಗೆಗೆ ದಾಟಿದವನದು. ಹೀಗಾಗಿ ನುಡಿಗಟ್ಟನ್ನೂ ಗಾದೆಯನ್ನೂ ಜೋಡಿಯಾಗಿ ಓದಬೇಕು: ಒಂದು ದಾಟುವವನ ಹೆದರಿಕೆ, ಇನ್ನೊಂದು ದಾಟಿಸುವವನದು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪಣೆ ಇನ್ನೊಂದಿದೆ. ತಾಯಿ, ಮೇಷ್ಟರು, ಕಷ್ಟಕ್ಕಾದ ನೆಂಟರು, ಇವರ ವಿಷಯಕ್ಕೂ ಜನ ಇದೇ ಗಾದೆ ಹೇಳುತ್ತಾರಲ್ಲ, ಅಲ್ಲಿ ಎಲ್ಲಿಯ ಕೂಲಿ? ಹೇಳುತ್ತಾರೆ, ನಿಜ, ಆ ಬಳಕೆ ತಪ್ಪೆನ್ನುವ ಹಟವೂ ನನಗಿಲ್ಲ. ಆದರೆ ಅಂಬಿಗನನ್ನು ಉಪಕಾರಿಯ ಪೀಠದಲ್ಲಿ ಕೂರಿಸುವುದರಲ್ಲಿ ಒಂದು ಜಾಣತನವಿದೆ. ಉಪಕಾರಕ್ಕೆ ಕೈಮುಗಿದರೆ ಲೆಕ್ಕ ಚುಕ್ತಾ. ಕೂಲಿ ಹಾಗಲ್ಲ, ಎಣಿಸಿ ಕೊಡಬೇಕು. ಬಾಕಿಯನ್ನು ಋಣವೆಂದು ಕರೆದು, ಋಣವನ್ನು ನಮಸ್ಕಾರದಲ್ಲಿ ತೀರಿಸುವುದು ನಮಗೆ ಚೆನ್ನಾಗಿ ರೂಢಿಯಾಗಿದೆ.

ಶರಾವತಿಯ ಹಿನ್ನೀರಿಗೆ ಬಂದರೆ ಗಾದೆ ಮಗ್ಗುಲು ಬದಲಿಸುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಮೇಲೆ ಸಾಗರ ತಾಲ್ಲೂಕಿನ ತುಮರಿ ಕಡೆಯ ಊರುಗಳಿಗೆ ಸಾಗರ ಪೇಟೆಯೇ ನೀರಾಚೆಗಾಯಿತು. ದಶಕಗಟ್ಟಲೆ ಹೊಳೆಬಾಗಿಲಿನ ಲಾಂಚೇ ಅವರ ಹೆದ್ದಾರಿಯಾಗಿತ್ತು. ಬಸ್ಸು, ಕಾರು, ಬೈಕುಗಳ ಸಂದಿಯಲ್ಲಿ ಸಂತೆಚೀಲ ಹಿಡಿದು ನಿಲ್ಲಬೇಕಿತ್ತು; ಕತ್ತಲಾದರೆ ಅದೂ ಇರಲಿಲ್ಲ; ಬೇಸಿಗೆಯಲ್ಲಿ ನೀರು ಇಳಿದರೆ ವಾಹನಕ್ಕೆ ಜಾಗವಿರುತ್ತಿರಲಿಲ್ಲ. 2025ರ ಜುಲೈ 14ರಂದು ಸುಮಾರು 2.44 ಕಿಲೋಮೀಟರ್ ಉದ್ದದ ಕೇಬಲ್ ಸೇತುವೆ ತೆರೆಯಿತು. ಆಗ ಲಾಂಚನ್ನು ನೆನೆದು ಹನಿಗಣ್ಣಾದವರಿದ್ದಾರೆ. ರಾತ್ರಿ ಹೆರಿಗೆ ನೋವು ಬಂದರೆ ಬೆಳಗಾಗುವುದನ್ನು ಕಾಯಬೇಕಿದ್ದ ಮನೆಯವರ ಮುಂದೆ ಆ ಹಂಬಲ ನಿಲ್ಲದು. ಆದರೆ ಈ ಹೊಳೆಯಲ್ಲಿ ಅಂಬಿಗ ಯಾರು? ಲಾಂಚಿನ ಸಿಬ್ಬಂದಿಯಷ್ಟೇ ಎಂದುಕೊಂಡರೆ ಲೆಕ್ಕ ತಪ್ಪುತ್ತದೆ. ಗದ್ದೆ, ತೋಟ, ಮನೆ ನೀರಿಗೆ ಬಿಟ್ಟು ಇಡೀ ರಾಜ್ಯವನ್ನು ಕತ್ತಲೆಯ ಹೊಳೆ ದಾಟಿಸಿದವರು ಆ ಕಣಿವೆಯವರು. 1,035 ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರ ತಿರುಗುವುದು ಅವರ ಹೊಲಗಳ ಮೇಲೆ ನಿಂತ ನೀರಿನಿಂದ. ನಾಡು ಅವರ ತ್ಯಾಗವನ್ನು ಹೊಗಳದೆ ಬಿಟ್ಟಿಲ್ಲ, ಭಾಷಣಗಳಿಗೆ ಬರವೂ ಇಲ್ಲ. ಸೇತುವೆಗೆ ಅರವತ್ತೊಂದು ವರ್ಷ ಹಿಡಿಯಿತು. ಎಬ್ಬಿಸಿ ಕಳಿಸಿದ ಕುಟುಂಬಗಳ ಜಮೀನಿನ ಹಕ್ಕುಪತ್ರದ ತಕರಾರು ಮಾತ್ರ ಸಾಗರ, ಹೊಸನಗರದ ಕಚೇರಿಗಳಲ್ಲಿ ಇನ್ನೂ ದಡ ಮುಟ್ಟಿಲ್ಲ.