ಮರೆಮಾಡಿದ ವ್ಯಾಧಿಯೂ ಸಭೆಯ ಕರ್ತವ್ಯವೂ



ಶರೀರಕ್ಕೆ ಬರುವ ವ್ಯಾಧಿಗಳಲ್ಲಿ ಕೆಲವನ್ನು ನಾವು ಹತ್ತು ಮಂದಿಯ ಮುಂದೆ ಹೇಳಿಕೊಳ್ಳುತ್ತೇವೆ. ಕೆಲವನ್ನು ಒಂದೇ ಮನೆಯಲ್ಲಿರುವವರಿಗೂ ತಿಳಿಸದೆ ಮರೆಮಾಡುತ್ತೇವೆ. ಜ್ವರ ಬಂದರೆ ನೆರೆಯವರು ಬಂದು ವಿಚಾರಿಸುವರು. ಆದರೆ ಮೂತ್ರವು ತಡೆಯಲಾಗದೆ ಸೋರುವದು, ಮಲವು ಕಟ್ಟಿಕೊಳ್ಳುವದು ಇಲ್ಲವೆ ಹಿಡಿತ ತಪ್ಪಿ ಹೋಗುವದು, ಇಂಥವುಗಳು ಉಂಟಾದರೆ ರೋಗಿಯೂ ಸುಮ್ಮನಿರುವನು, ಮನೆಯವರೂ ಸುಮ್ಮನಿರುವರು. ಈ ಮೌನಕ್ಕೆ ನಾವು ಮರ್ಯಾದೆ ಎಂದು ಹೆಸರಿಡುತ್ತೇವೆ. ಅದು ನಿಜವಾಗಿ ಮರ್ಯಾದೆಯೋ, ಪ್ರೀತಿಯ ಕೊರತೆಯೋ ಎಂಬದನ್ನು ದೇವರ ವಾಕ್ಯದ ಬೆಳಕಿನಲ್ಲಿ ವಿಚಾರಿಸೋಣ.

ಇದನ್ನು ಬರೆಯುವದಕ್ಕೆ ನನ್ನದೊಂದು ತಪ್ಪೇ ಕಾರಣವು. ಶಿರೋಳದ ಸೀಮೆಯಲ್ಲಿ ಒಬ್ಬ ವೃದ್ಧ ವಿಧವೆಯು ಆದಿತ್ಯವಾರದ ಆರಾಧನೆಗೆ ಬರುವದನ್ನು ಬಿಟ್ಟಳು. ಆಕೆಯ ವಿಶ್ವಾಸವು ತಣ್ಣಗಾಯಿತೆಂದು ನಾನು ಎಣಿಸಿ, ಸಭೆಯಾಗಿ ಕೂಡುವದನ್ನು ಬಿಡಬಾರದೆಂಬ ಇಬ್ರಿಯರ ಪತ್ರಿಕೆಯ ಬೋಧನೆಯನ್ನೆತ್ತಿ, ಹೆಸರು ಹೇಳದಿದ್ದರೂ ಎಲ್ಲರಿಗೂ ತಿಳಿಯುವಂತೆ ಪ್ರಸಂಗಮಾಡಿದೆನು. ಕೆಲವು ತಿಂಗಳ ತರುವಾಯ ಮನೆಗೆ ಹೋದಾಗ ಆಕೆಯು ಕಣ್ಣೀರಿಟ್ಟು, “ಉಪದೇಶಿಗಳೇ, ಹಾಡಲಿಕ್ಕೆ ಎದ್ದರೂ ಕೆಮ್ಮಿದರೂ ಸೀರೆ ಒದ್ದೆಯಾಗುತ್ತದೆ. ದೇವರ ಮನೆಯ ಜಮಖಾನೆ ಹೊಲಸಾದರೆ ನಾನು ಯಾರಿಗೆ ಮುಖ ತೋರಿಸಲಿ?” ಅಂದಳು. ವರುಷಗಟ್ಟಲೆ ಸೊಸೆಗೂ ಹೇಳಿರಲಿಲ್ಲ. ಒದ್ದೆಯಾದೀತೆಂಬ ಭಯದಿಂದ ನೀರು ಕುಡಿಯುವದನ್ನೇ ಕಡಿಮೆಮಾಡಿದ್ದಳು. ಅದರಿಂದ ಉರಿಯೂ ಮಲಬದ್ಧತೆಯೂ ಹೆಚ್ಚಿದ್ದವು. ನಾನು ಆಕೆಯ ವಿಶ್ವಾಸವನ್ನು ತೂಗಿ ನೋಡಿದೆನು. ಆಕೆಯ ಕಷ್ಟವನ್ನು ಕೇಳಲಿಲ್ಲ.

ಹಾಗಾದರೆ ಲಜ್ಜೆಯು ಕೆಟ್ಟದ್ದೋ? ಅಲ್ಲ. ಆದಾಮ ಹವ್ವರಿಗೆ ದೇವರು ತಾನೇ ಉಡಿಗೆಯನ್ನು ತೊಡಿಸಿದನು. ಪರರ ಕಣ್ಣಿನಿಂದ ಶರೀರವನ್ನು ಮುಚ್ಚುವ ಲಜ್ಜೆಯು ಒಳ್ಳೇದು. ವೈದ್ಯನ ಕಣ್ಣಿನಿಂದ ರೋಗವನ್ನು ಮುಚ್ಚುವ ಲಜ್ಜೆಯು ನಮ್ಮ ಶತ್ರುವು. ದೇಹದಲ್ಲಿ ಮಾನ ಕಡಿಮೆಯೆಂದು ಎಣಿಸಲ್ಪಡುವ ಅಂಗಗಳಿಗೇ ಹೆಚ್ಚು ಮಾನವು ಸಲ್ಲತಕ್ಕದ್ದೆಂದು ಅಪೊಸ್ತಲನಾದ ಪೌಲನು ಕೊರಿಂಥದ ಸಭೆಗೆ ಬರೆದನು. ಕಣ್ಣು ನೋಯುವವನಿಗೆ ತೋರಿಸುವ ಕನಿಕರವನ್ನು ಮೂತ್ರಕೋಶ ನೋಯುವವನಿಗೆ ತೋರಿಸದೆ ನಗುವವನು ಈ ಬೋಧನೆಯನ್ನು ಮೀರುವವನಾಗಿದ್ದಾನೆ.

ಕೆಲವರು, ಇದು ಪಾಪದ ಫಲವಲ್ಲವೋ, ಮೋಶೆಯ ಧರ್ಮಶಾಸ್ತ್ರವು ಸ್ರಾವವುಳ್ಳವರನ್ನು ಅಶುದ್ಧರೆನ್ನಲಿಲ್ಲವೋ ಎಂದು ಕೇಳುವರು. ಹುಟ್ಟುಕುರುಡನ ವಿಷಯದಲ್ಲಿ ಶಿಷ್ಯರು ಇಂಥದ್ದನ್ನೇ ಕೇಳಲು, ಅವನದಾಗಲಿ ತಂದೆತಾಯಿಗಳದಾಗಲಿ ಪಾಪವು ಇದಕ್ಕೆ ಕಾರಣವಲ್ಲವೆಂದು ಕರ್ತನು ಉತ್ತರಕೊಟ್ಟನು. ಹೊಟ್ಟೆಯೊಳಗೆ ಸೇರಿ ಹೊರಬೀಳುವಂಥದ್ದು ಮನುಷ್ಯನನ್ನು ಹೊಲೆಮಾಡದು, ಹೃದಯದಿಂದ ಹೊರಡುವ ದುರಾಲೋಚನೆಯೇ ಹೊಲೆಮಾಡುವದೆಂದೂ ಕಲಿಸಿದನು. ಮುಟ್ಟು ಮೈಲಿಗೆಯ ಮಾತಿನಿಂದ ತಲೆತಲಾಂತರವಾಗಿ ನೊಂದ ನಮ್ಮ ಜನವು ರೋಗಿಯೊಬ್ಬಳನ್ನು ಚಾಪೆಯಿಂದ ದೂರವಿರಿಸುವದು ಎಷ್ಟು ವಿಪರೀತ!

12 ವರುಷ ರಕ್ತಕುಸುಮ ರೋಗದಿಂದಿದ್ದ ಸ್ತ್ರೀಯನ್ನು ಜ್ಞಾಪಿಸಿಕೊಳ್ಳಿರಿ. ಆಕೆಯು ಹಿಂದಿನಿಂದ ಬಂದು ಮರೆಯಲ್ಲಿ ಮುಟ್ಟಿದಳು. ಕರ್ತನು ಆಕೆಯ ರೋಗವನ್ನು ತಾನಾಗಿ ಗುಂಪಿಗೆ ಸಾರಲಿಲ್ಲ. ಆಕೆಯೇ ಹೇಳಿಕೊಳ್ಳುವ ತನಕ ಕಾದು, ಮಗಳೇ ಎಂದು ಕರೆದು ಸಮಾಧಾನದಿಂದ ಕಳುಹಿಸಿದನು. ಹೇಳುವ ಅಧಿಕಾರವು ರೋಗಿಯದು. ಹೇಳುವದಕ್ಕೆ ಧೈರ್ಯಕೊಡುವ ಕರ್ತವ್ಯವು ನಮ್ಮದು. ಆದಕಾರಣ ಅಪ್ಪಣೆಯಿಲ್ಲದೆ ಒಬ್ಬರ ರೋಗವನ್ನು ಪ್ರಾರ್ಥನಾಕೂಟದಲ್ಲಿ ಹೆಸರೆತ್ತಿ ಹೇಳುವದು ಪ್ರಾರ್ಥನೆಯ ವೇಷ ಧರಿಸಿದ ಚಾಡಿಯೇ.

ಇನ್ನು ರೋಗದ ವಿಷಯವಾಗಿ ಸ್ವಲ್ಪ ತಿಳಿಯುವದು ಅವಶ್ಯ. ಮೂತ್ರಕೋಶವನ್ನೂ ಮಲದ್ವಾರವನ್ನೂ ಕೆಳಗಿನಿಂದ ಆತುಕೊಂಡಿರುವ ಮಾಂಸಖಂಡಗಳು ಹೆರಿಗೆಗಳಿಂದಲೂ ದೀರ್ಘಕಾಲದ ಕೆಮ್ಮಿನಿಂದಲೂ ಭಾರ ಹೊರುವದರಿಂದಲೂ ಸಡಿಲವಾಗುತ್ತವೆ. ಪುರುಷರಿಗೆ ವಯಸ್ಸಾದಂತೆ ಮೂತ್ರಕೋಶದ ಕೆಳಗಿನ ಗ್ರಂಥಿಯು ದೊಡ್ಡದಾಗಿ ಮೂತ್ರವನ್ನು ತಡೆಯುವದುಂಟು. ಸಕ್ಕರೆ ಕಾಯಿಲೆ, ಲಕ್ವ, ಮೂತ್ರದ ಸೋಂಕು ಇವೂ ಕಾರಣಗಳಾಗಿವೆ. ಹೆರಿಗೆಯು ಬಹುಹೊತ್ತು ತಡೆದು ಮೂತ್ರಕೋಶಕ್ಕೆ ರಂಧ್ರವಾದ ಸ್ತ್ರೀಯರಿಗೆ ಹಗಲಿರುಳು ಮೂತ್ರ ಸೋರುವದು. ಇದನ್ನು ಶಸ್ತ್ರಚಿಕಿತ್ಸೆಯಿಂದ ಮುಚ್ಚಬಹುದು. ಸಡಿಲವಾದ ಮಾಂಸಖಂಡಗಳನ್ನು ಮೂತ್ರ ತಡೆಯುವಂತೆ ಬಿಗಿಹಿಡಿದು, ಕೆಲವು ಎಣಿಕೆಯ ತನಕ ಇಟ್ಟು, ಬಿಡುವ ಸಾಧನೆಯನ್ನು ದಿನಕ್ಕೆ 3 ಸಾರಿ, 3 ತಿಂಗಳ ವರೆಗೆ ಬಿಡದೆ ಮಾಡಿದರೆ ಅನೇಕರಿಗೆ ಗುಣವಾಗುವದು. ವೈದ್ಯರು ಬೇರೆ ಹೇಳದ ಹೊರತು ನೀರನ್ನು ಬಿಡಬಾರದು. ಜೋಳದ ರೊಟ್ಟಿಯೊಂದಿಗೆ ಸೊಪ್ಪು ಪಲ್ಯವನ್ನು ಧಾರಾಳವಾಗಿ ತಿನ್ನಬೇಕು. ಮೂತ್ರವು ಪೂರ್ತಿಯಾಗಿ ಕಟ್ಟಿದರೆ, ಮಲಮೂತ್ರದಲ್ಲಿ ರಕ್ತ ಕಂಡರೆ, ಚಳಿಜ್ವರದೊಂದಿಗೆ ಪಕ್ಕೆ ನೋವಾದರೆ, ಕಾಲುಗಳು ಜೋಮುಹಿಡಿದು ಹಿಡಿತ ತಪ್ಪಿದರೆ, ತಡಮಾಡದೆ ದವಾಖಾನೆಗೆ ಹೋಗಬೇಕು.

ಪ್ರಾರ್ಥನೆಯೇ ಸಾಲದೋ ಎಂದು ಕೇಳಬೇಡಿರಿ. ಹಿಜ್ಕೀಯನ ಹುಣ್ಣಿಗೆ ಅಂಜೂರದ ಹಣ್ಣಿನ ಉಂಡೆ ಕಟ್ಟಿಸಿದವನು ಪ್ರವಾದಿಯೇ. ಸುವಾರ್ತೆಯನ್ನು ಬರೆದ ಲೂಕನೂ ವೈದ್ಯನೇ. 1834ರಲ್ಲಿ ಮಂಗಳೂರಿಗೆ ಬಂದು 1841ರಲ್ಲಿ ಬೆಟಗೇರಿಯಲ್ಲಿ ಕೆಲಸವನ್ನಾರಂಭಿಸಿದ ಬಾಸೆಲ್ ಮಿಶನಿನವರು ತರುವಾಯ ಅಲ್ಲಿ ದವಾಖಾನೆಯನ್ನೂ ಕಟ್ಟಿಸಿದರು. ಜನರು ಅದನ್ನು ಜರ್ಮನ್ ದವಾಖಾನೆ ಎಂದು ಕರೆದರು. ಈಗ ಸಹಾಯವು ಇನ್ನೂ ಹತ್ತಿರ ಬಂದಿದೆ. 2005ರಲ್ಲಿ ಆರಂಭವಾದ ಗ್ರಾಮೀಣ ಆರೋಗ್ಯ ಅಭಿಯಾನದಿಂದ ಊರೂರಿಗೆ ಆಶಾ ಕಾರ್ಯಕರ್ತೆಯರಿದ್ದಾರೆ. ಸ್ತ್ರೀಯರು ಮೊದಲು ಆಕೆಗೆ ಹೇಳಬಹುದು. ಆಕೆಯು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯುವಳು. ಅಲ್ಲಿಂದ ನರಗುಂದದ ತಾಲೂಕು ದವಾಖಾನೆಗೂ, ಗದಗದ ಸರಕಾರೀ ವೈದ್ಯಕೀಯ ಸಂಸ್ಥೆಗೂ, ಹುಬ್ಬಳ್ಳಿಗೂ ಚೀಟಿ ದೊರೆಯುವದು. 2018ರ ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡ ಕುಟುಂಬಕ್ಕೆ ವರುಷಕ್ಕೆ 5 ಲಕ್ಷ ರೂಪಾಯಿಯ ವರೆಗೆ ನೇಮಿತ ಚಿಕಿತ್ಸೆಗಳು ಉಂಟು. ರೇಶನ್ ಕಾರ್ಡನ್ನೂ ಆಧಾರವನ್ನೂ ಒಯ್ಯಿರಿ.

ಆದರೆ ದಾರಿ ಇದ್ದರೆ ಸಾಲದು, ಕೈಹಿಡಿದು ನಡಿಸುವವರು ಬೇಕು. ಆದಕಾರಣ ಸಭೆಯು ಮಾಡತಕ್ಕವು ಇವು. ಒಂದನೆಯದು: ಬಾರದವರನ್ನು ಖಂಡಿಸುವದಕ್ಕೆ ಮೊದಲು ಮನೆಗೆ ಹೋಗಿ ವಿಚಾರಿಸಬೇಕು, ಸ್ತ್ರೀಯರ ಬಳಿಗೆ ಗುಟ್ಟು ಕಾಯುವ ಸ್ತ್ರೀಯರನ್ನೇ ಕಳುಹಿಸಬೇಕು. ಎರಡನೆಯದು: ದೇವಾಲಯದ ಹತ್ತಿರ ಪಾಯಿಖಾನೆಯೂ ನೀರೂ ಇರಬೇಕು, ಬಾಗಲ ಬಳಿಯಲ್ಲಿ ಅಂಥವರಿಗೆ ಸ್ಥಳವಿರಬೇಕು. ಪಾಳೆಯದ ಹೊರಗೆ ಇದಕ್ಕಾಗಿ ಸ್ಥಳವನ್ನು ನೇಮಿಸಿದ ಮೋಶೆಯು ಇದನ್ನು ಅಲ್ಪವೆಂದು ಎಣಿಸಲಿಲ್ಲ. ಬಯಲು ಎರೆಹೊಲದಲ್ಲಿ ಮರೆಯಿಲ್ಲದೆ ಕತ್ತಲಾಗುವ ತನಕ ತಡೆದಿಟ್ಟುಕೊಳ್ಳುವ ನಮ್ಮ ಹೆಣ್ಣುಮಕ್ಕಳ ಸಂಕಟವನ್ನು ಬಲ್ಲವರು ಇದರ ಬೆಲೆಯನ್ನು ಬಲ್ಲರು. ಮೂರನೆಯದು: ಹಾಸಿಗೆ ಹಿಡಿದವರ ಮಲಮೂತ್ರ ತೆಗೆಯುವ ಸೇವೆಯನ್ನು ಸೊಸೆಯೊಬ್ಬಳ ಮೇಲೆ ಹೊರಿಸಬಾರದು. ಶಿಷ್ಯರ ಕಾಲು ತೊಳೆದ ಕರ್ತನ ಹೆಸರನ್ನು ಧರಿಸಿದ ಗಂಡುಮಕ್ಕಳೂ ಬಟ್ಟೆ ಒಗೆದು ಬಿಸಿಲಿಗೆ ಹಾಕಲಿ, ಮೈಯನ್ನು ಒಣಗಿಸಿ ಮಗ್ಗಲು ಬದಲಿಸಲಿ.

ಆ ವಿಧವೆಯ ಬಳಿಯಲ್ಲಿ ನಾನು ಕ್ಷಮೆ ಬೇಡಿದೆನು. ಸಭೆಯ ಒಬ್ಬ ಅಕ್ಕನು ಆಶಾ ಕಾರ್ಯಕರ್ತೆಯೊಂದಿಗೆ ಆಕೆಯನ್ನು ದವಾಖಾನೆಗೆ ಕರೆದೊಯ್ದಳು. ಸೋಂಕಿಗೆ ಔಷಧವೂ ಸಾಧನೆಯ ಉಪದೇಶವೂ ದೊರೆತವು. ಪೂರ್ಣವಾಗಿ ಗುಣವಾಗಲಿಲ್ಲ, ಮಡಿಸಿದ ಬಟ್ಟೆಯನ್ನು ಈಗಲೂ ಇಟ್ಟುಕೊಳ್ಳುತ್ತಾಳೆ. ಆದರೆ ಆದಿತ್ಯವಾರದಲ್ಲಿ ಬಾಗಲ ಬಳಿಯ ತನ್ನ ಸ್ಥಳದಲ್ಲಿ ಕೂತು ಹಾಡುತ್ತಾಳೆ. ನಡುವೆ ಎದ್ದು ಹೋದರೂ ಯಾರೂ ತಿರುಗಿ ನೋಡುವದಿಲ್ಲ. ಆಕೆಗೆ ಆದ ಗುಣದಲ್ಲಿ ಇದೂ ಒಂದು ಪಾಲೆಂದು ನಾನು ಎಣಿಸುತ್ತೇನೆ.

ಪ್ರಿಯರೇ, ಬರುವ ಆದಿತ್ಯವಾರ ಯಾರ ಸ್ಥಳವು ಬರಿದಾಗಿದೆ ಎಂದು ನೋಡಿರಿ. ನೋಡಿ ತೀರ್ಪುಮಾಡಬೇಡಿರಿ, ಎದ್ದು ಅವರ ಮನೆಗೆ ಹೋಗಿರಿ.